ಹಸುಗೂಸಿನ ಕಣ್ಣಿಗೆ 30 ದಿನಗಳ ಗಡುವು

ದಿನ ತುಂಬುವ ಮೊದಲೇ ಮಗು ಹುಟ್ಟಿದರೆ ಮನೆಯವರ ಜೀವವೆಲ್ಲ ಅದರ ಉಸಿರು, ತೂಕ, ಹಾಲಿನ ಮೇಲೇ ಇರುತ್ತದೆ. ಕಣ್ಣು ಯಾರಿಗೂ ನೆನಪಾಗುವುದಿಲ್ಲ. ಹೊರಗಿನಿಂದ ನೋಡಿದರೆ ಕಣ್ಣು ಚೆನ್ನಾಗಿಯೇ ಇರುತ್ತದೆ. ತೊಂದರೆ ಇರುವುದು ಒಳಗಿನ ಅಕ್ಷಿಪಟಲದಲ್ಲಿ. ಅಲ್ಲಿನ ರಕ್ತನಾಳಗಳು ಅಂಚಿನವರೆಗೆ ಹಬ್ಬಿ ಮುಗಿಯುವುದು ಒಂಬತ್ತು ತಿಂಗಳು ತುಂಬುವ ಹೊತ್ತಿಗೆ. ಏಳು ತಿಂಗಳಿಗೇ ಹುಟ್ಟಿದ ಮಗುವಿನಲ್ಲಿ ಆ ಬೆಳವಣಿಗೆ ಅರ್ಧಕ್ಕೆ ನಿಲ್ಲುತ್ತದೆ. ಜೀವ ಉಳಿಸಲು ಕೊಡುವ ಆಮ್ಲಜನಕ ಅಳತೆ ಮೀರಿದರೆ ಇನ್ನಷ್ಟು ಕೆಡುತ್ತದೆ. ಆಮೇಲೆ ನಾಳಗಳು ಅಡ್ಡಾದಿಡ್ಡಿಯಾಗಿ ಬೆಳೆದು ಅಕ್ಷಿಪಟಲವನ್ನೇ ಎಳೆದು ಕೀಳಬಹುದು. ಇದಕ್ಕೆ ವೈದ್ಯರು ಆರ್‌ಒಪಿ ಎನ್ನುತ್ತಾರೆ. ಸಕಾಲಕ್ಕೆ ಲೇಸರ್ ಕೊಟ್ಟರೆ ಹೆಚ್ಚಿನ ಮಕ್ಕಳ ದೃಷ್ಟಿ ಉಳಿಯುತ್ತದೆ. ತಡವಾದರೆ ಜೀವನವಿಡೀ ಕತ್ತಲೆ.

ಗೌರಿಬಿದನೂರು ತಾಲ್ಲೂಕಿನ ಅಲೀಪುರದಂಥ ಊರಿಗೆ ಬೆಂಗಳೂರು ತೀರಾ ದೂರವೇನಲ್ಲ. ಆದರೆ ಒಂದೂವರೆ ಕಿಲೋ ತೂಗುವ ಕೂಸನ್ನು ಬೆಚ್ಚಗಿಡುವ ವಾರ್ಮರ್‌ನಿಂದ ಎತ್ತಿ, ಬರೀ ಕಣ್ಣು ತೋರಿಸಲು ಅಲ್ಲಿಗೆ ಒಯ್ಯುವವರು ಯಾರು? ತಜ್ಞರಾದರೂ ಎಷ್ಟು ಆಸ್ಪತ್ರೆ ಸುತ್ತಿಯಾರು?

ಬೆಂಗಳೂರಿನ ನಾರಾಯಣ ನೇತ್ರಾಲಯದಲ್ಲಿ ಡಾ. ಆನಂದ್ ವಿನೇಕರ್ ಅವರ ಮುಂದಾಳತ್ವದಲ್ಲಿ 2008ರಲ್ಲಿ ಶುರುವಾದ 'ಕಿಡ್‌ರಾಪ್' ಯೋಜನೆ ಇದಕ್ಕೆ ದಾರಿ ಹುಡುಕಿತು. ಮಗು ಇದ್ದಲ್ಲಿಗೇ ಕ್ಯಾಮೆರಾ ಹೋಗುತ್ತದೆ. ಹನಿ ಹಾಕಿ ಪಾಪೆ ಹಿಗ್ಗಿಸಿ, ಸಣ್ಣ ತಂತಿಯ ಸಾಧನದಿಂದ ರೆಪ್ಪೆ ಬಿಡಿಸಿ, ಜೆಲ್ ಹಚ್ಚಿ, ರೆಟ್‌ಕ್ಯಾಮ್ ಎಂಬ ಆ ಕ್ಯಾಮೆರಾದ ತುದಿಯನ್ನು ಕಣ್ಣಿಗೆ ಮೆಲ್ಲಗೆ ತಾಗಿಸುತ್ತಾರೆ. ಸುಮಾರು 130 ಡಿಗ್ರಿ ಅಗಲದ ಚಿತ್ರ ತೆರೆಯ ಮೇಲೆ ಮೂಡುತ್ತದೆ. ಇಂಟರ್‌ನೆಟ್ ಮೂಲಕ ಅದು ತಜ್ಞರ ಮೊಬೈಲ್ ತಲುಪುತ್ತದೆ. ತೀರ್ಪನ್ನು ಬಣ್ಣದಲ್ಲಿ ಹೇಳುತ್ತಾರೆ: ಹಸಿರೆಂದರೆ ಚಿಂತೆಯಿಲ್ಲ, ಕಿತ್ತಳೆಯೆಂದರೆ ಮತ್ತೆ ನೋಡಬೇಕು, ಕೆಂಪೆಂದರೆ ಕೂಡಲೇ ಚಿಕಿತ್ಸೆ.

ಕ್ಯಾಮೆರಾ, ಇಂಟರ್‌ನೆಟ್‌ಗಳಿಗಿಂತ ದೊಡ್ಡದಾಗಿ ನನಗೆ ಕಾಣುವುದು ಇಲ್ಲಿನ ತರಬೇತಿ. ಚಿತ್ರ ತೆಗೆಯುವವರು ವೈದ್ಯರಲ್ಲ, ತಂತ್ರಜ್ಞರು. ತೆಗೆದ ಚಿತ್ರವನ್ನು ಓದಿ ಬಣ್ಣ ಹೇಳುವುದನ್ನೂ ಅವರಿಗೆ ಕಲಿಸಿ, ಅಂಕ ಕೊಟ್ಟು ಪರೀಕ್ಷಿಸುತ್ತಾರೆ. ತಮ್ಮ ಅಂದಾಜನ್ನು ತಜ್ಞರ ತೀರ್ಪಿನೊಂದಿಗೆ ಹೋಲಿಸಿ ನೋಡಿದಷ್ಟೂ ಅವರ ಕಣ್ಣು ಪಳಗುತ್ತದೆ. ವೈದ್ಯಕೀಯ ಶಿಕ್ಷಣವೆಂದರೆ ಕಾಲೇಜಿನ ನಾಲ್ಕು ಗೋಡೆಯೊಳಗಿನದೇ ಆಗಬೇಕಿಲ್ಲ. ಜಿಲ್ಲಾಸ್ಪತ್ರೆಗಳ ನರ್ಸ್‌ಗಳಿಗೂ ಇಂಥ ಕಲಿಕೆ ಸಿಗಬೇಕು.

ನಿಮ್ಮ ಮನೆಯಲ್ಲಿ 34 ವಾರಕ್ಕೆ ಮುಂಚೆ ಅಥವಾ ಎರಡು ಕಿಲೋಗಿಂತ ಕಡಿಮೆ ತೂಕದ ಮಗು ಹುಟ್ಟಿದ್ದರೆ, ಡಿಸ್ಚಾರ್ಜ್ ಚೀಟಿ ಕೈಗೆ ಬರುವ ಮುನ್ನ ಡಾಕ್ಟರನ್ನು ಕೇಳಿ: ಕಣ್ಣಿನ ಪರೀಕ್ಷೆ ಯಾವತ್ತು, ಎಲ್ಲಿ? ಹುಟ್ಟಿದ 30 ದಿನದೊಳಗೆ ಅದು ಆಗಲೇಬೇಕು.