ಅವಯವಬಂಧನವೂ ರಕ್ತದ ರಸಾಯನವೂ

ಪ್ರಾಣಿಯೊಂದರ ತೊಡೆಗೆ ಬಿಗಿಯಾದ ಪಟ್ಟಿಯನ್ನು ಕಟ್ಟಿ ಕೆಲವು ಗಂಟೆಗಳ ಕಾಲ ರಕ್ತಸಂಚಾರವನ್ನು ತಡೆದರೆ, ಕಟ್ಟು ಇರುವವರೆಗೆ ಅದರ ಪ್ರಾಣಕ್ಕೆ ಸಾಮಾನ್ಯವಾಗಿ ಕುಂದಿಲ್ಲ. ಕಟ್ಟನ್ನು ಬಿಚ್ಚಿದ ಮೇಲೆಯೇ ಅಪಾಯವು ಮೊದಲಾಗುವುದು. ಬಂಧನದಲ್ಲಿ ಉಳಿದ ಜೀವವು ಬಿಡುಗಡೆಯಲ್ಲಿ ಅಳಿಯುವ ಈ ವೈಚಿತ್ರ್ಯದ ಕಾರಣವನ್ನು ಇಲ್ಲಿ ಸಂಗ್ರಹವಾಗಿ ವಿವರಿಸಲಾಗಿದೆ.

ರಕ್ತವು ತಲಪದ ಸ್ನಾಯುವಿಗೆ ಆಮ್ಲಜನಕವು ದೊರೆಯದು. ಆಗ ಅದರ ಕೋಶಗಳು ತಮ್ಮಲ್ಲಿರುವ ಗ್ಲೈಕೊಜನನ್ನು ಆಮ್ಲಜನಕವಿಲ್ಲದೆಯೇ ಒಡೆದು ಶಕ್ತಿಯನ್ನು ಪಡೆಯುವುವು; ಅದರಿಂದ ಲ್ಯಾಕ್ಟಿಕ್ ಆಮ್ಲವು ಶೇಖರವಾಗುವುದು. ಈ ಶಕ್ತಿಯೂ ಕುಂದಿದಾಗ ಕೋಶದ ಪೊರೆಯು ಒಳಗಿನ ಪೊಟ್ಯಾಸಿಯಮ್ಮನ್ನು ಹಿಡಿದಿಡಲಾರದು. ಸ್ನಾಯುಕೋಶದೊಳಗೆ ಪೊಟ್ಯಾಸಿಯಮ್ಮಿನ ಸಾಂದ್ರತೆಯು ರಕ್ತದ್ರವದಲ್ಲಿರುವುದಕ್ಕಿಂತ 30 ಮಡಿಗೂ ಹೆಚ್ಚು. ಕಟ್ಟು ಬಿಚ್ಚಿದೊಡನೆ ಆಮ್ಲವೂ ಪೊಟ್ಯಾಸಿಯಮ್ಮೂ ಫಾಸ್ಫೇಟುಗಳೂ ಸಿರೆಗಳ ಮೂಲಕ ಹೃದಯವನ್ನು ಸೇರುವುವು. ಪೊಟ್ಯಾಸಿಯಂ ಮಿತಿಮೀರಿದರೆ ಹೃದಯವು ತಾಳತಪ್ಪಿ ನಿಂತೇಹೋಗಬಹುದು.

ಆದರೆ ಇದೊಂದೇ ಕಾರಣವಲ್ಲ. 1930ರಲ್ಲಿ ಅಮೆರಿಕದ ಶಸ್ತ್ರವೈದ್ಯರಾದ ಆಲ್ಫ್ರೆಡ್ ಬ್ಲೇಲಾಕರು, ನಾಯಿಗಳ ಜಜ್ಜಿದ ತೊಡೆಯಲ್ಲಿ ಸೋರಿ ನಿಲ್ಲುವ ರಕ್ತ ಮತ್ತು ದ್ರವದ ನಷ್ಟವೇ ರಕ್ತದೊತ್ತಡದ ಇಳಿತಕ್ಕೆ ಸಾಕಾದಷ್ಟಿರುವುದೆಂದು ತೋರಿಸಿದರು. ಕಟ್ಟು ಬಿಚ್ಚಿದ ಕಾಲಿನಲ್ಲಿಯೂ ಸೂಕ್ಷ್ಮನಾಳಗಳು ಸೋರುವುವು, ಕಾಲು ಊದಿಕೊಳ್ಳುವುದು, ದ್ರವವನ್ನು ಕಳೆದುಕೊಂಡ ರಕ್ತವು ಮಂದವಾಗುವುದು, ಒತ್ತಡವು ಕುಸಿಯುವುದು. 1943ರಲ್ಲಿ ಸ್ಯಾನ್‌ಫರ್ಡ್ ರೋಸೆಂಥಾಲರು ಇಂಥ ಸ್ಥಿತಿಗೆ ತಂದ ಇಲಿಮರಿಯಷ್ಟು ಚಿಕ್ಕ ಸುಂಡಿಲಿಗಳಿಗೆ ಉಪ್ಪುನೀರನ್ನು ಯಥೇಷ್ಟವಾಗಿ ಕೊಟ್ಟಾಗ ಮರಣಗಳು ಬಹಳ ಕಡಮೆಯಾದುವು. ಸೋರಿಹೋದ ಸೋಡಿಯಮ್ಮನ್ನೂ ನೀರನ್ನೂ ತುಂಬಿಕೊಡುವುದೇ ಪ್ರಾಣರಕ್ಷಣೆಯ ಮುಖ್ಯೋಪಾಯವೆಂದು ಇದರಿಂದ ತಿಳಿಯಿತು.

ಈ ವಿಚಾರವು ಪ್ರಯೋಗಶಾಲೆಗೆ ಮಾತ್ರ ಸೇರಿದುದಲ್ಲ. 1941ರಲ್ಲಿ ಬೈವಾಟರ್ಸ್ ಮತ್ತು ಬೀಲ್ ಎಂಬ ವೈದ್ಯರು, ಲಂಡನ್ನಿನ ಮೇಲೆ ಬಿದ್ದ ಬಾಂಬುಗಳಿಂದ ಕುಸಿದ ಕಟ್ಟಡಗಳಡಿಯಲ್ಲಿ ಕೈಕಾಲು ಸಿಕ್ಕಿಕೊಂಡಿದ್ದ ನಾಲ್ವರ ವೃತ್ತಾಂತವನ್ನು ಪ್ರಕಟಿಸಿದರು. ಹೊರತೆಗೆದಾಗ ಚೆನ್ನಾಗಿಯೇ ಕಂಡವರ ಅವಯವಗಳು ಊದಿಕೊಂಡುವು, ಮೂತ್ರವು ಕುಗ್ಗಿತು, ನಾಲ್ವರೂ ಮೃತರಾದರು. ಹಾಳಾದ ಸ್ನಾಯುವಿನಿಂದ ಹೊರಬಿದ್ದ ಮಯೊಗ್ಲೋಬಿನ್ ಎಂಬ ವರ್ಣದ್ರವ್ಯವು ಮೂತ್ರಪಿಂಡಗಳನ್ನು ಕೆಡಿಸುವುದೆಂಬುದು ಮುಂದೆ ಸ್ಥಿರಪಟ್ಟಿತು.

ಆದಕಾರಣವೇ ಭೂಕಂಪಾದಿಗಳಲ್ಲಿ ಅವಶೇಷಗಳಡಿ ಬಹುಹೊತ್ತು ಸಿಕ್ಕಿದವರಿಗೆ, ಭಾರವನ್ನು ಎತ್ತುವ ಮೊದಲೇ, ಸಾಧ್ಯವಾದರೆ, ಪೊಟ್ಯಾಸಿಯಂ ಇಲ್ಲದ ಲವಣಜಲವನ್ನು ಸಿರೆಯ ಮೂಲಕ ಕೊಡಲು ಇಂದಿನ ವೈದ್ಯರು ತೊಡಗುತ್ತಾರೆ. ಬಿಡುಗಡೆಗೆ ದೇಹವನ್ನು ಸಿದ್ಧಗೊಳಿಸುವುದೂ ಬಿಡಿಸುವ ಕಾರ್ಯದ ಒಂದು ಭಾಗವೆಂಬುದು ಈ ಪ್ರಯೋಗಗಳ ಫಲಿತಾರ್ಥ.