ಗೇಟಿನ ಚಿತ್ರ ಮೊಬೈಲಿಗೆ ಬಂದ ದಾರಿ

ಬೊಮ್ಮಸಂದ್ರದಲ್ಲಿ ಬೆಳಗಿನ ಶಿಫ್ಟ್ ಶುರುವಾಗುವಷ್ಟರಲ್ಲಿ ಸುತ್ತಲಿನ ಬಡಾವಣೆಗಳ ಎಷ್ಟೋ ಮನೆಗಳಿಗೆ ಬೀಗ ಬಿದ್ದಿರುತ್ತದೆ. ಗಂಡ ಜಿಗಣಿ ಕಡೆಯ ಫ್ಯಾಕ್ಟರಿಗೆ, ಹೆಂಡತಿ ಎಲೆಕ್ಟ್ರಾನಿಕ್ ಸಿಟಿಗೆ, ಮಕ್ಕಳು ಶಾಲೆಗೆ. 2025ರ ಆಗಸ್ಟ್ 10ರಂದು ಉದ್ಘಾಟನೆಯಾದ ಹಳದಿ ಮಾರ್ಗದ ಮೆಟ್ರೊದಲ್ಲಿ ಆರ್.ವಿ. ರಸ್ತೆ ಕಡೆಗೆ ಹೊರಟವರ ಮೊಬೈಲುಗಳಲ್ಲಿ ರೀಲ್ಸ್ ನಡುವೆ ನಾಲ್ಕು ಚೌಕಗಳ ಚಿತ್ರವೂ ಕಣ್ಣಿಗೆ ಬೀಳುತ್ತದೆ: ಗೇಟು, ಪಾರ್ಕಿಂಗ್, ಮೆಟ್ಟಿಲು, ತಾರಸಿ. ಕ್ಯಾಮೆರಾ ಹಾಕಲು ಬಂದವರಿಗೆ ಮನೆಯವರು ಕೇಳುವ ಮೊದಲ ಪ್ರಶ್ನೆ ಈಗ ಒಂದೇ: ‘ಮೊಬೈಲಲ್ಲಿ ಬರುತ್ತಾ?’

ಬರುತ್ತದೆ. ಹಾಗೆ ಬರುವಂತಾಗಲು ಸುಮಾರು ಅರ್ಧ ಶತಮಾನ ಹಿಡಿಯಿತು.

ಮನೆಗೆಂದೇ ಕ್ಯಾಮೆರಾ ಕಾವಲನ್ನು ಯೋಚಿಸಿದ್ದು ನ್ಯೂಯಾರ್ಕಿನ ಕ್ವೀನ್ಸ್‌ನ ನರ್ಸ್ ಮೇರಿ ವ್ಯಾನ್ ಬ್ರಿಟನ್ ಬ್ರೌನ್. ಹೊತ್ತಲ್ಲದ ಹೊತ್ತಿನಲ್ಲಿ ಡ್ಯೂಟಿ, ಕರೆದರೆ ತಡವಾಗಿ ಬರುವ ಪೊಲೀಸರು. ಬಾಗಿಲಿಗೆ ನಾಲ್ಕು ಇಣುಕುರಂಧ್ರ, ಅವುಗಳ ಹಿಂದೆ ಮೇಲೆ ಕೆಳಗೆ ಜಾರುವ ಕ್ಯಾಮೆರಾ, ಒಳಕೋಣೆಯಲ್ಲಿ ಟಿವಿ, ಕೂತಲ್ಲಿಂದಲೇ ಬಾಗಿಲು ತೆರೆಯುವ ಗುಂಡಿ. ಎಲೆಕ್ಟ್ರಾನಿಕ್ಸ್ ಬಲ್ಲ ಗಂಡ ಆಲ್ಬರ್ಟ್ ಜೊತೆ 1966ರಲ್ಲಿ ಅರ್ಜಿ ಹಾಕಿದ ಆಕೆಗೆ 1969ರಲ್ಲಿ ಪೇಟೆಂಟ್ ಸಿಕ್ಕಿತು. ಆದರೆ ಅದರಲ್ಲಿ ನೋಡಲು ಮನೆಯೊಳಗೇ ಇರಬೇಕಿತ್ತು.

ದೂರದಿಂದ ನೋಡುವುದನ್ನು ಕಲಿಸಿದ್ದು ಕಳ್ಳರ ಭಯವಲ್ಲ, ಕಾಫಿ. 1991ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಪ್ರಯೋಗಾಲಯದವರು ಬೇರೆ ಮಹಡಿಯಿಂದ ಇಳಿದು ಬಂದು ಖಾಲಿ ಪಾತ್ರೆ ನೋಡುವ ಕರ್ಮ ತಪ್ಪಿಸಲು ಅದಕ್ಕೊಂದು ಕ್ಯಾಮೆರಾ ತಿರುಗಿಸಿಟ್ಟರು. 1993ರಲ್ಲಿ ಆ ಕಪ್ಪುಬಿಳುಪು ಚಿತ್ರ ವೆಬ್‌ಗೆ ಬಂತು. 1996ರಲ್ಲಿ ಸ್ವೀಡನ್ನಿನ ಆಕ್ಸಿಸ್ ಕಂಪನಿ ಕಂಪ್ಯೂಟರಿನ ಹಂಗಿಲ್ಲದೆ ನೇರ ನೆಟ್‌ವರ್ಕಿಗೆ ಸೇರುವ ಕ್ಯಾಮೆರಾ ಮಾರತೊಡಗಿತು.

ದಾಖಲಿಸುವುದಕ್ಕೂ ನೋಡುವುದಕ್ಕೂ ಇರುವ ಅಂತರ ಬೆಂಗಳೂರಿಗೆ ಮನದಟ್ಟಾಗಿದ್ದು 2013ರ ನವೆಂಬರ್ 19ರಂದು. ಕಾರ್ಪೊರೇಷನ್ ವೃತ್ತದ ಬಳಿಯ ಎಟಿಎಂನಲ್ಲಿ ಮಹಿಳೆಯೊಬ್ಬರ ಮೇಲೆ ಮಚ್ಚಿನಿಂದ ಹಲ್ಲೆ ನಡೆಯಿತು. ಕ್ಯಾಮೆರಾ ಎಲ್ಲವನ್ನೂ ಹಿಡಿದಿಟ್ಟಿತು, ಆ ಗಳಿಗೆಯಲ್ಲಿ ನೋಡುತ್ತಿದ್ದವರು ಮಾತ್ರ ಯಾರೂ ಇರಲಿಲ್ಲ. ಆರೋಪಿ ಸಿಕ್ಕಿದ್ದು 2017ರಲ್ಲಿ.

ಆ ಕಾಲದಲ್ಲಿ ಕ್ಯಾಮೆರಾ ದೃಶ್ಯಗಳನ್ನು ದಾಖಲಿಸುವ ಮನೆಯ ಪೆಟ್ಟಿಗೆ, ಅಂದರೆ ಡಿವಿಆರ್ ಅನ್ನು ‘ಆನ್‌ಲೈನ್’ ಮಾಡುವುದು ಅರ್ಧ ದಿನದ ಕೆಲಸ. ಡಿವಿಆರ್‌ಗೆ 192.168.1.108ರಂಥ ಒಂದು ವಿಳಾಸವಿರುತ್ತದೆ; ಅದು ಮನೆಯೊಳಗಷ್ಟೇ ನಡೆಯುವ ನಾಣ್ಯ. ಹೊರಗಿನವರಿಗೆ ಕಾಣುವುದು ರೂಟರಿನ ವಿಳಾಸ ಮಾತ್ರ. ಹೀಗಾಗಿ ಟೆಕ್ನಿಷಿಯನ್ ರೂಟರಿನ ಸೆಟ್ಟಿಂಗ್ ತೆರೆದು, ಇಂಥ ಪೋರ್ಟಿಗೆ, ಅಂದರೆ ಇಂಥ ಸಂಖ್ಯೆಯ ಬಾಗಿಲಿಗೆ, ಬಂದದ್ದನ್ನೆಲ್ಲ ಡಿವಿಆರ್‌ಗೆ ಕಳಿಸು ಎಂದು ಬರೆದಿಡಬೇಕಿತ್ತು. ಇದೇ ಪೋರ್ಟ್ ಫಾರ್ವರ್ಡಿಂಗ್. ರೂಟರ್ ಆಫ್ ಮಾಡಿ ಆನ್ ಮಾಡಿದರೆ ಹೊರ ವಿಳಾಸವೇ ಬದಲಾಗುತ್ತಿತ್ತು. ಬದಲಾಗುವ ವಿಳಾಸಕ್ಕೆ ಬದಲಾಗದ ಹೆಸರು ಕೊಡುತ್ತಿದ್ದ ಅಮೆರಿಕದ ಡೈನ್ ಕಂಪನಿಯ ‘ಡೈನ್‌ಡಿಎನ್ಎಸ್’ ಸೇವೆ ಹೀಗೆ ಜನಪ್ರಿಯವಾಯಿತು. 2014ರಲ್ಲಿ ಅದರ ಉಚಿತ ಸೇವೆ ನಿಂತಿತು.

ಅಷ್ಟರಲ್ಲಿ ವಿಳಾಸಗಳಿಗೇ ಬರ. ಹಳೆಯ ಐಪಿವಿ4 ಪದ್ಧತಿಯಲ್ಲಿ ಇರುವುದು ಸುಮಾರು 430 ಕೋಟಿ ವಿಳಾಸ. ಏಷ್ಯಾ-ಪೆಸಿಫಿಕ್ ದಾಸ್ತಾನು 2011ರ ಏಪ್ರಿಲ್‌ನಲ್ಲೇ ತಳ ಕಂಡು ರೇಷನ್ ಶುರುವಾಯಿತು. ಒಂದೇ ವಿಳಾಸವನ್ನು ಹಲವಾರು ಮನೆಗಳಿಗೆ ಹಂಚುವ ಪರಿಪಾಠ ಬಂತು. ರೂಟರಿನ ಹೊರ ವಿಳಾಸ 100.64ರಿಂದ 100.127ರವರೆಗಿನ ಅಂಕಿಯಿಂದ ಶುರುವಾಗಿದ್ದರೆ ನಿಮ್ಮ ಮನೆಯೂ ಆ ಸಾಲಿನಲ್ಲಿದೆ ಎಂದರ್ಥ. ಅಲ್ಲಿ ಪೋರ್ಟ್ ಫಾರ್ವರ್ಡಿಂಗ್ ಎಷ್ಟು ಮಾಡಿದರೂ ಹೊರಗಿನಿಂದ ಡಿವಿಆರ್ ಸಿಗುವುದಿಲ್ಲ.

ಕ್ಯಾಮೆರಾ ಕಂಪನಿಗಳು ಆಟವನ್ನೇ ತಿರುಗಿಸಿದವು. ಹೊರಗಿನವರು ಒಳಗೆ ಬರುವ ಬದಲು ಡಿವಿಆರ್ ತಾನೇ ಹೊರಟು ಕಂಪನಿಯ ಸರ್ವರಿಗೆ ‘ನಾನಿಲ್ಲಿದ್ದೇನೆ’ ಎನ್ನುತ್ತದೆ; ಮೊಬೈಲ್ ಆ್ಯಪ್ ಕೂಡ ಅಲ್ಲಿಗೇ ಹೋಗುತ್ತದೆ; ಇಬ್ಬರ ಭೇಟಿ ಅಲ್ಲಿ. ಟೆಕ್ನಿಷಿಯನ್ ಈಗ ಟಿವಿ ಪರದೆಯ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿಸಿ ಟೀ ಕುಡಿಯುವಷ್ಟರಲ್ಲಿ ಕೆಲಸ ಮುಗಿಯುತ್ತದೆ. ಡಿವಿಆರ್‌ಗೆ ಯುಪಿಎಸ್ ಕೊಟ್ಟು ರೂಟರನ್ನು ಮರೆತ ಮನೆಗಳಲ್ಲಿ ಮಾತ್ರ ಕರೆಂಟ್ ಹೋದ ಕೂಡಲೇ ಮೊಬೈಲಿನ ಚಿತ್ರವೂ ಹೋಗುತ್ತದೆ.

ಈ ಸಲೀಸಿಗೆ ಬೆಲೆಯೂ ಇದೆ: ಬೀಗದ ಕೈ ಈಗ ಮೂರನೆಯವರ ಬಳಿಯೂ ಒಂದಿದೆ. ಹಳೆಯ ವಿಧಾನವೇ ಭದ್ರವಾಗಿತ್ತು ಎನ್ನುವಂತೆಯೂ ಇಲ್ಲ. 2016ರಲ್ಲಿ ‘ಮಿರಾಯ್’ ಎಂಬ ಕುತಂತ್ರಾಂಶ ಇಂಟರ್ನೆಟ್ಟಿಗೆ ತೆರೆದುಕೊಂಡಿದ್ದ ಕ್ಯಾಮೆರಾ, ಡಿವಿಆರ್, ರೂಟರ್‌ಗಳ ಮೇಲೆ ಕಂಪನಿಯೇ ಇಟ್ಟ ಅರವತ್ತರಷ್ಟು ಹೆಸರು-ಪಾಸ್‌ವರ್ಡ್ ಜೋಡಿಗಳನ್ನು ಪ್ರಯೋಗಿಸುತ್ತ ಹೋಯಿತು. ಬಲೆಗೆ ಬಿದ್ದ ಯಂತ್ರಗಳು ಅಕ್ಟೋಬರ್ 21ರಂದು ಒಟ್ಟಾಗಿ ಮುಗಿಬಿದ್ದು ಟ್ವಿಟರ್, ನೆಟ್‌ಫ್ಲಿಕ್ಸ್‌ಗಳನ್ನು ಗಂಟೆಗಟ್ಟಲೆ ತಡವರಿಸುವಂತೆ ಮಾಡಿದವು. ಏಟು ಬಿದ್ದದ್ದು ಯಾರಿಗೆ? ಒಂದು ಕಾಲಕ್ಕೆ ಮನೆ ಕ್ಯಾಮೆರಾಗಳಿಗೆ ಹೆಸರು ಕೊಟ್ಟು ಸಲಹಿದ ಅದೇ ಡೈನ್ ಕಂಪನಿಗೆ.

ಪಾಸ್‌ವರ್ಡ್ ಬದಲಿಸುವ ಪಾಠ ಕಲಿತೆವೆಂದು ಹೇಳುವುದು ಕಷ್ಟ. 2025ರ ಫೆಬ್ರುವರಿಯಲ್ಲಿ ರಾಜ್‌ಕೋಟ್‌ನ ಹೆರಿಗೆ ಆಸ್ಪತ್ರೆಯೊಂದರ ಸಿಸಿಟಿವಿ ದೃಶ್ಯಗಳು ಹೊರಬಿದ್ದು ಮಾರಾಟಕ್ಕಿದ್ದ ಪ್ರಕರಣ ಬಯಲಾಯಿತು. ಅದೇ ವರ್ಷದ ಏಪ್ರಿಲ್ 9ರಿಂದ ದೇಶದಲ್ಲಿ ಮಾರುವ ಸಿಸಿಟಿವಿ ಕ್ಯಾಮೆರಾಗಳು ಸರ್ಕಾರ ನಿಗದಿಪಡಿಸಿದ ಭದ್ರತಾ ಪರೀಕ್ಷೆ ಪಾಸಾಗಲೇಬೇಕೆಂಬ ನಿಯಮ ಜಾರಿಗೆ ಬಂದಿದೆ. ಅದು ಹೊಸ ಸರಕಿನ ಮಾತು. ಮುಂಚೆಯೇ ಗೋಡೆ ಏರಿ ಕುಳಿತ ಕ್ಯಾಮೆರಾಗಳ ಜವಾಬ್ದಾರಿ ಮನೆಯವರದೇ.

ಆದ್ದರಿಂದ ಕ್ಯಾಮೆರಾ ಹಾಕಿದವರು ಏಣಿ ಮಡಚುವ ಮುನ್ನ ಆ್ಯಪ್ ಖಾತೆ ಅವರ ಇ-ಮೇಲಿನಲ್ಲಿದೆಯೋ ನಿಮ್ಮದರಲ್ಲಿದೆಯೋ ಕೇಳಿ. ಅಡ್ಮಿನ್ ಪಾಸ್‌ವರ್ಡನ್ನು ಅವರು ಹೋದ ಮೇಲೆ ನೀವೇ ಬದಲಾಯಿಸಿ. ಮಲಗುವ ಕೋಣೆಗೆ ಕ್ಯಾಮೆರಾ ಬೇಡವೇ ಬೇಡ.