ಅಂಗಳ, ಹಿತ್ತಲು ಮತ್ತು ಚಳಿಗಾಲ

ಹಸ್ತ ಮಳೆ ಕಳೆದು ಚಿತ್ತೆ ಹಿಡಿಯುವ ಹೊತ್ತಿಗೆ ಮಲೆನಾಡಿನ ಮನೆಯ ಅಂಗಳ ನೋಡುವಂತಿರುವುದಿಲ್ಲ. ನಾಲ್ಕು ತಿಂಗಳ ಪಾಚಿ ಕಪ್ಪುಗಟ್ಟಿರುತ್ತದೆ. ನಡೆದಾಡಲು ಹಾಸಿದ ಅಡಿಕೆ ದಬ್ಬೆಗಳು ಅರ್ಧ ಕೊಳೆತಿರುತ್ತವೆ. ಗೋಡೆಗೆ ಇರಚಲು ಹೊಡೆಯದಂತೆ ಕಟ್ಟಿದ ಸೋಗೆಯ ಒಳಗೆ ಚೇಳು, ಜಿರಲೆ ಸಂಸಾರ ಹೂಡಿರುತ್ತವೆ. ತೋಟದ ಕೆಲಸವೇ ತಲೆಯ ಮೇಲಿರುವಾಗ ಅಂಗಳದ ಮಾತೇಕೆ ಎಂದು ಸದಸ್ಯ ಬಾಂಧವರು ಕೇಳಬಹುದು. ವರ್ಷವಿಡೀ ದುಡಿದ ಬೆಳೆ ಕೊನೆಗೆ ಬಂದು ಬೀಳುವುದು ಈ ಅಂಗಳಕ್ಕೇ. ತೋಟದಲ್ಲಿ ಕೊಳೆರೋಗದಿಂದ ಉಳಿಸಿಕೊಂಡ ಅಡಿಕೆಯನ್ನು ಅಂಗಳದಲ್ಲಿ ಬೂಷ್ಟು ಹಿಡಿಸಿ ಕಳೆದುಕೊಂಡವರನ್ನು ನಾವು ಕಂಡಿದ್ದೇವೆ.

ಮೊದಲ ಕೆಲಸ ಪಾಚಿಯದು. ಕೆಲವು ವರ್ಷಗಳ ಹಿಂದೆ ನಮ್ಮ ಮನೆಯ ಹಿರಿಯರೊಬ್ಬರು ನವರಾತ್ರಿಯ ಬೆಳಿಗ್ಗೆ ಹೂ ಕೊಯ್ಯಲು ಹೊರಟು ಅಂಗಳದಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಮತ್ತೆ ಕೋಲಿಲ್ಲದೆ ನಡೆಯಲಿಲ್ಲ. "ಹಬ್ಬ ಮುಗಿಯಲಿ, ಕೆರೆಸೋಣ" ಎಂದವರು ನಾವೇ. ಅಂದಿನಿಂದ ನಮ್ಮ ಮನೆಯಲ್ಲಿ ಮಳೆ ಎರಡು ದಿನ ಬಿಡುವು ಕೊಟ್ಟರೆ ಸಾಕು, ಬಾಗಿಲಿನಿಂದ ಬಾವಿಕಟ್ಟೆಯವರೆಗೆ ಮತ್ತು ಕೊಟ್ಟಿಗೆಯವರೆಗೆ ಪಾಚಿ ಕೆರೆದು ಹಾಕುತ್ತೇವೆ. ಉಳಿದ ಅಂಗಳ ಕಾಯಬಹುದು, ಕಾಲುದಾರಿ ಕಾಯಬಾರದು.

ಮಣ್ಣಿನ ಅಂಗಳಕ್ಕೆ ಅವಸರ ಸಲ್ಲದು. ಅಕ್ಟೋಬರ್ ಮೊದಲಲ್ಲೇ ಕೆತ್ತಿ ಹದಮಾಡಿದರೆ, ಬಂಗಾಳ ಕೊಲ್ಲಿಯಲ್ಲಿ ಎದ್ದ ಒಂದು ವಾಯುಭಾರ ಕುಸಿತ ಸ್ವಾತಿ ಮಳೆಯ ರೂಪದಲ್ಲಿ ಬಂದು ಎಲ್ಲವನ್ನೂ ಕೆಸರು ಮಾಡಿ ಹೋಗುತ್ತದೆ. ಮೊದಲು ಸುತ್ತಲಿನ ಚರಂಡಿ ಬಿಡಿಸಿಕೊಳ್ಳಬೇಕು. ಬಳಿಕ ಒಂದು ಕೊಡ ನೀರು ಚೆಲ್ಲಿ ನೋಡಬೇಕು. ನೀರು ನಿಂತಲ್ಲಿಗೆ ಮಣ್ಣು ಹಾಕಿ, ಹದವಾಗಿ ನೀರು ಚಿಮುಕಿಸಿ, ಪೆಟ್ಟುಮಣೆಯಿಂದ ಬಡಿಯಬೇಕು. ದೀಪಾವಳಿಯ ವೇಳೆಗೆ ಒಮ್ಮೆ, ತುಳಸಿ ಪೂಜೆಗೆ ಮತ್ತೊಮ್ಮೆ ಸಗಣಿ ಸಾರಿಸುವುದು ಹಿರಿಯರ ಕ್ರಮ. ಸಿಪ್ಪೆಯೊಡನೆ ಒಣಗುವ ಚಾಲಿ ಅಡಿಕೆಗೆ ಅದು ನಡೆದೀತು. ಆದರೂ ಹರವುವ ಮೊದಲು ಸಾರಿಸಿದ್ದು ಪೂರ್ಣ ಒಣಗಿರಬೇಕು. ಚಾಲಿಗೆ ಸುಮಾರು 40 ದಿನ ಬಿಸಿಲು ಬೇಕಾಗುವುದರಿಂದ ಅಡಿಯ ತೇವ ಅಷ್ಟೂ ದಿನ ಕಾಡುತ್ತದೆ.

ಕಾಫಿಯ ಮಾತು ಬೇರೆ. ಕಾಫಿ ಬೀಜ ವಾಸನೆಯನ್ನು ಹೀರಿಕೊಳ್ಳುವ ವಸ್ತು. ಸಗಣಿಯ ನೆಲದಲ್ಲಾಗಲಿ, ಬರಿ ಮಣ್ಣಿನಲ್ಲಾಗಲಿ ಒಣಗಿಸಿದರೆ ಮಣ್ಣಿನ ವಾಸನೆ ಕಪ್ಪಿನವರೆಗೂ ಹೋಗುತ್ತದೆ. ಸಿಮೆಂಟು ಕಣವಿಲ್ಲದವರು ಒಳ್ಳೆಯ ಟಾರ್ಪಾಲಿನ ಮೇಲೆಯೇ ಒಣಗಿಸಬೇಕು. ಕಣವಿದ್ದವರು ಬಿರುಕುಗಳನ್ನು ಈಗಲೇ ಮುಚ್ಚಿಸಿಕೊಳ್ಳುವುದು ಲೇಸು. ಕಳೆದ ವರ್ಷದ ಕಾಯಿ ಸಿಕ್ಕಿಕೊಂಡಿರುವುದು ಅಲ್ಲಿಯೇ, ಬೂಷ್ಟು ಹುಟ್ಟುವುದೂ ಅಲ್ಲಿಂದಲೇ. ಹಳೆಯ ಗೋಣಿಚೀಲ, ಮೂಲೆಯಲ್ಲಿ ಉಳಿದ ಹೆರಕಲು ಕಾಫಿ ಇವನ್ನೂ ತೆಗೆದು ನೋಡಬೇಕು. 1990ರಲ್ಲಿ ನೀಲಗಿರಿಯ ಗುಡಲೂರಿನಲ್ಲಿ ಕಂಡು, ಮುಂದೆ ನಮ್ಮ ಜಿಲ್ಲೆಗಳಿಗೂ ಬಂದ ಕಾಯಿಕೊರಕ ಹುಳು ಇಂಥ ಕಡೆ ಅಡಗಿದ್ದು ಹೊಸ ಫಸಲಿಗೆ ಹಾರುತ್ತದೆ. ಪಾರ್ಚ್‌ಮೆಂಟನ್ನು ಶೇಕಡಾ 10, ಅರೇಬಿಕಾ ಚೆರಿಯನ್ನು 10.5, ರೊಬಸ್ಟಾ ಚೆರಿಯನ್ನು 11ರ ತೇವಾಂಶಕ್ಕೆ ಇಳಿಸಿದರೆ ಚೀಲದೊಳಗೆ ಅದರ ಸಂತಾನ ಬೆಳೆಯದು. ಚಳಿಗಾಲದ ಇಬ್ಬನಿ ಹಗಲು ಒಣಗಿದ್ದನ್ನು ರಾತ್ರಿ ನೆನೆಸಿಬಿಡುತ್ತದೆ. ಆದ್ದರಿಂದ ಸಂಜೆ ರಾಶಿಮಾಡಿ ಮುಚ್ಚುವ ಹೊದಿಕೆಯನ್ನೂ ಈಗಲೇ ತೂತು ನೋಡಿ ಹೊಲಿಸಿಡಬೇಕು.

ಅಂಗಳಕ್ಕೆ ಬಿಸಿಲು ಬೇಕೆಂದು ಮರದ ಕೊಂಬೆ ಕಡಿಸುವುದೂ ಈ ದಿನಗಳಲ್ಲೇ. ಇಲ್ಲಿ ನಾವು ಒಮ್ಮೆ ತಪ್ಪಿದ್ದೇವೆ. ಅಂಗಳದ ನೈಋತ್ಯಕ್ಕಿದ್ದ ಹಲಸಿನ ಮರದ ಕೊಂಬೆಗಳನ್ನೆಲ್ಲ ಬೋಳಿಸಿದೆವು. ಅಂಗಳಕ್ಕೆ ಬಿಸಿಲೇನೋ ಬಂತು. ದಕ್ಷಿಣಕ್ಕೆ ವಾಲಿದ ಸೂರ್ಯನ ಮಧ್ಯಾಹ್ನದ ಬಿಸಿಲು ಅಂಚಿನ ಅಡಿಕೆ ಮರಗಳ ಕಾಂಡಕ್ಕೂ ನೇರ ಹೊಡೆಯಿತು. ಮೊದಲು ಹೊಂಬಣ್ಣದ ಮಚ್ಚೆ, ಆಮೇಲೆ ಕಂದು, ಆಮೇಲೆ ಬಿರುಕು. ಮೂರನೆಯ ಮಳೆಗಾಲದ ಗಾಳಿಗೆ ಏಳು ಮರ ಸೊಂಟದಲ್ಲಿ ಮುರಿದವು. ಕಡಿಸಲೇಬೇಕಾದವರು ಅದೇ ವಾರ ಅಂಚಿನ ಮರಗಳ ನೈಋತ್ಯ ಮುಖಕ್ಕೆ ಸುಣ್ಣ ಬಳಿಯಬೇಕು ಅಥವಾ ಸೋಗೆ ಕಟ್ಟಬೇಕು. ಖರ್ಚು ಒಂದು ಆಳಿನ ಅರ್ಧ ದಿನ.

ಇನ್ನು ಹಿತ್ತಲು. ಹೀರೆ, ಬೆಂಡೆ, ಮಳೆಗಾಲದ ಸೌತೆ ಮುಗಿದಿರುತ್ತವೆ. ಒಣಬಳ್ಳಿಯನ್ನು ಚಪ್ಪರದಲ್ಲೇ ಬಿಟ್ಟು ಹೊಸ ಬಳ್ಳಿ ಹಬ್ಬಿಸಬಾರದು, ಹಳೆಯ ರೋಗ ಹೊಸದಕ್ಕೆ ದಾಟುತ್ತದೆ. ನಮ್ಮ ಮಣ್ಣು ಮಳೆಗೆ ತೊಳೆದು ಹುಳಿಯಾಗಿರುವುದರಿಂದ ಅಗೆದು ಚದರ ಮೀಟರಿಗೆ ಒಂದೆರಡು ಹಿಡಿ ಕೃಷಿ ಸುಣ್ಣ ಬೆರೆಸಿ, ಎರಡು ವಾರ ಬಿಟ್ಟು ಗೊಬ್ಬರ ಕೊಡಬೇಕು. ಬದನೆ, ಟೊಮೇಟೊ ಸಸಿಯನ್ನು ಮೊದಲೇ ಮಾಡಿನ ಕೆಳಗೆ ಎಬ್ಬಿಸಿಟ್ಟುಕೊಂಡರೆ ದೀಪಾವಳಿಗೆ ನಾಟಿ ಮಾಡಬಹುದು. ಮೂಲಂಗಿ, ಹರಿವೆ, ಕೊತ್ತಂಬರಿಯನ್ನು ಒಂದೇ ಸಲ ಬಿತ್ತದೆ ಹದಿನೈದು ದಿನಕ್ಕೊಂದು ಮಡಿಯಂತೆ ಬಿತ್ತಿದರೆ ಮನೆಗೆ ಸದಾ ಇರುತ್ತದೆ. ಬಸಳೆ ಬಚ್ಚಲ ನೀರು ಹೋಗುವಲ್ಲಿಗೆ. ಬುಡಕ್ಕೆ ತರಗೆಲೆ ಹೊದಿಸಿದರೆ ಜನವರಿಯವರೆಗೆ ತೇವ ನಿಲ್ಲುತ್ತದೆ. ಆದರೆ ಮನೆಯ ಗೋಡೆಗೆ, ಸೌದೆ ಕೊಟ್ಟಿಗೆಗೆ ತಾಗಿ ತರಗೆಲೆ ಬೇಡ. ಒಂದು ಕಿಡಿ ಸಾಕು.

ಹೋಂಸ್ಟೇ ಮಾಡಿದ ನಮ್ಮ ಯುವಕರು ಮನೆ ಮುಂದೆ ಹುಲ್ಲುಹಾಸು ಬೆಳೆಸಿದ್ದಾರೆ. ಎಮ್ಮೆಗೂ ಇಲ್ಲದ ಹುಲ್ಲು ಎಂದು ಹಿರಿಯರು ಗೊಣಗುತ್ತಾರೆ. ಬೆಳೆಸಿದ ಮೇಲೆ ನೋಡಿಕೊಳ್ಳಬೇಕಷ್ಟೆ. ನಾಚಿಕೆ ಮುಳ್ಳನ್ನು ಬೀಜ ಕಟ್ಟುವ ಮೊದಲು ಬೇರುಸಹಿತ ಕೀಳಬೇಕು. ಮಳೆಗೆ ಬಿಗಿದ ನೆಲವನ್ನು ಮುಳ್ಳುಗುದ್ದಲಿಯಿಂದ ಅಲ್ಲಲ್ಲಿ ಚುಚ್ಚಿ, ಜರಡಿ ಹಿಡಿದ ಮಣ್ಣು, ಮರಳು, ಗೊಬ್ಬರವನ್ನು ತೆಳುವಾಗಿ ಉದುರಿಸಬೇಕು. ಚಳಿಯಲ್ಲಿ ಹುಲ್ಲು ನಿಧಾನ, ಆದ್ದರಿಂದ ಬೋಳಾಗಿ ಕತ್ತರಿಸಬಾರದು.

ಕೊನೆಗೆ ಡೇರೆ ಹೂವು. ಗೌರಿ ಹಬ್ಬದಿಂದ ನವರಾತ್ರಿಯವರೆಗೆ ಅಂಗಳವನ್ನು ಬೆಳಗಿದ ಗಿಡ ಈಗ ಬಾಡುತ್ತದೆ. ಕಾಂಡ ಪೂರ್ಣ ಒಣಗುವವರೆಗೆ ಗಡ್ಡೆ ಕೀಳಬಾರದು. ಕಿತ್ತಾಗ ಗಡ್ಡೆಯೊಡನೆ ಕಾಂಡದ ಬುಡ ಇರಲೇಬೇಕು, ಮೊಳಕೆಯ ಕಣ್ಣು ಇರುವುದು ಅಲ್ಲಿ. ನೆರಳಲ್ಲಿ ಆರಿಸಿ, ಒಣ ಮರಳಿನಲ್ಲಿ ಹುದುಗಿಸಿ, ಅಟ್ಟದಲ್ಲಿ ಇಲಿ ಮುಟ್ಟದ ಕಡೆ ಇಡಬೇಕು. ಹೂವಿರುವಾಗಲೇ ಬಣ್ಣ ಬರೆದ ಚೀಟಿ ಕಟ್ಟಿಡಿ. ಇಲ್ಲವಾದರೆ ಮುಂಗಾರಿನಲ್ಲಿ ನೆರೆಮನೆಯವರಿಗೆ ಕೆಂಪೆಂದು ಬಿಳಿ ಕೊಟ್ಟು ಮಾತು ಕೇಳಬೇಕಾಗುತ್ತದೆ. ನಾವು ಕೇಳಿದ್ದೇವೆ.